ಬ್ರಿಟಿಷ್ ಗವರ್ನರ್ ಜನರಲ್‌ಗಳಾದ ಕಾರ್ನ್‌ವಾಲಿಸ್, ವೆಲ್ಲೆಸ್ಲಿ ಹೆಸರಿನ ಮುಂದೆ ಬರೋ 'ಮಾರ್ಕ್ವಿಸ್' ಅಂದ್ರೆ ಏನು?

ಇದು ಶ್ರೀಮಂತ ಮನೆತನದವರ ಒಂದು ಬಿರುದು, ಬ್ರಿಟಿಷ್ ಲೆಕ್ಕದಲ್ಲಿ ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಅರ್ಲ್‌ಗಿಂತ ಮೇಲೆ. ಮೂಲದಲ್ಲಿ ಇದು ಗಡಿ ಕಾಯೋ ಕೆಲಸ. ಮಧ್ಯಯುಗದ ಯುರೋಪಲ್ಲಿ ಗಡಿಸೀಮೆಗೆ 'ಮಾರ್ಚ್' ಅಥವಾ 'ಮಾರ್ಕ್' ಅಂತಿದ್ರು, ಶತ್ರು ಪಕ್ಕದಲ್ಲೇ ಇರೋದ್ರಿಂದ ಅಲ್ಲಿನ ಒಡೆಯನಿಗೆ ಒಳನಾಡಿನ ಕೌಂಟ್‌ಗಳಿಗಿಂತ (ಅಲ್ಲಿನ ಪ್ರಾಂತ್ಯಗಳ ಒಡೆಯರು) ಜಾಸ್ತಿ ಸೈನ್ಯ, ಜಾಸ್ತಿ ಅಧಿಕಾರ ಕೊಡ್ತಿದ್ರು, ಹಾಗಾಗಿ ದರ್ಜೆನೂ ಮೇಲಾಯ್ತು. ಜರ್ಮನ್ನರ 'ಮಾರ್ಕ್‌ಗ್ರಾಫ್' ಕೂಡ ಇದೇ.

ಇಂಗ್ಲೆಂಡಿಗೆ ಬಂದಿದ್ದು ಲೇಟು. 1385ರಲ್ಲಿ ರಾಜ 2ನೇ ರಿಚರ್ಡ್ ತನ್ನ ಆಪ್ತ ರಾಬರ್ಟ್ ಡಿ ವಿಯರ್‌ನ ಡಬ್ಲಿನ್ ಮಾರ್ಕ್ವಿಸ್ ಮಾಡಿದ, ಅರ್ಲ್‌ಗಳಿಗೆಲ್ಲ ಹೊಟ್ಟೆ ಉರಿ. 1402ರಲ್ಲಿ ಜಾನ್ ಬ್ಯೂಫೋರ್ಟ್ ಅನ್ನೋ ಅರ್ಲ್ ಕಳ್ಕೊಂಡಿದ್ದ ಈ ಪದವಿನ ವಾಪಸ್ ಕೊಡ್ಸಿ ಅಂತ ಪಾರ್ಲಿಮೆಂಟಿನವರೇ ಕೇಳಿದ್ರೆ, ಆ ಪುಣ್ಯಾತ್ಮ ಈ ಹೆಸರು ನಮ್ಮ ದೇಶಕ್ಕೆ ಹೊಸದು, ಬೇಡ ಅಂದ್ಬಿಟ್ಟ!

ಆಮೇಲೆ ಗಡಿ ಗಿಡಿ ಏನಿಲ್ಲ, ಬರೀ ಬಿರುದು. ನಮ್ಮ ಶ್ರೀರಂಗಪಟ್ಟಣದ ಲೆಕ್ಕದಲ್ಲೇ ಇಬ್ಬರಿಗೆ ಸಿಕ್ಕಿದೆ, 1792ರಲ್ಲಿ ಟಿಪ್ಪು ಜೊತೆ ಒಪ್ಪಂದ ಆದ ವರ್ಷ ಕಾರ್ನ್‌ವಾಲಿಸ್‌ಗೆ, 1799ರಲ್ಲಿ ಟಿಪ್ಪು ತೀರ್ಕೊಂಡ ಮೇಲೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ. ಆದ್ರೆ ವೆಲ್ಲೆಸ್ಲಿಗೆ ಕೊಟ್ಟಿದ್ದು ಐರ್ಲೆಂಡಿನ ಬಿರುದುಗಳ ಪಟ್ಟಿಯ ಪದವಿ, ಅದಕ್ಕೆ ತೂಕ ಕಮ್ಮಿ, ಆತ ಸಿಟ್ಟಲ್ಲಿ ಅದನ್ನ ಗಿಲೀಟು ಹಾಕಿದ ಆಲೂಗಡ್ಡೆ ಅಂತ ಆಡ್ಕೊಂಡಿದ್ದ. ಅಂದಹಾಗೆ ಮಾರ್ಕ್ವಿಸ್ ಹೆಂಡತಿಗೆ ಮಾರ್ಷನೆಸ್ ಅಂತಾರೆ.