ಗಾಲ್ಫ್: ಬಕೆಟ್‌ಗಟ್ಟಲೆ ಚಿಪ್ ಮಾಡಿದ್ರೂ ಆಟದಲ್ಲಿ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಸರ್, ಪ್ರಾಕ್ಟೀಸ್ ಗ್ರೀನ್ (ಹೋಲ್ ಇರೋ ನುಣ್ಣನೆ ಹುಲ್ಲಿನ ಜಾಗ) ಪಕ್ಕ ನಿಂತು ಒಂದು ಬಕೆಟ್ ಬಾಲ್ ಚಿಪ್ ಮಾಡ್ತೀನಿ, ಅಂದ್ರೆ ಗ್ರೀನ್ ಮೇಲಕ್ಕೆ ಸಣ್ಣದಾಗಿ ಹಾರಿಸ್ತೀನಿ, ಅಲ್ಲಿ ಚೆನ್ನಾಗೇ ಬರುತ್ತೆ. ಆಟಕ್ಕಿಳಿದ್ರೆ ಮಾತ್ರ ಒಂದ್ಸಲ ಕ್ಲಬ್ಬು ನೆಲಕ್ಕೆ ಹೂತು ಬಾಲ್ ಅಲ್ಲೇ ಇರುತ್ತೆ, ಇನ್ನೊಂದ್ಸಲ ರೊಯ್ಯಂತ ಗ್ರೀನ್ ದಾಟಿ ಹೋಗುತ್ತೆ. ಏನ್ ಮಾಡ್ಲಿ? ಮತ್ತೆ ಒಂದೇ ಹೊಡೆತದಲ್ಲಿ ಕ್ಲಬ್ಬು ಬಾಲಿಗೆ ಎರಡು ಸಲ ತಗುಲಿದ್ರೆ ಪೆನಾಲ್ಟಿ ಇದ್ಯಾ?

ಉತ್ತರ: ನೀವು ಹೇಳಿದ ಎರಡೂ ತಪ್ಪು ಬೇರೆ ಬೇರೆ ಥರ ಕಂಡ್ರೂ ಸಾಮಾನ್ಯವಾಗಿ ಕಾರಣ ಒಂದೇ. ಬಾಲನ್ನ ಗಾಳಿಗೆ ಎತ್ಬೇಕು ಅಂತ ಮಣಿಕಟ್ಟು ಮಡಚಿ ಕೆಳಗಿಂದ ಎತ್ತೋಕೆ ಹೋಗ್ತೀರಿ, ಆಗ ಸ್ವಿಂಗ್‌ನ ತೀರಾ ಕೆಳಗಿನ ಬಿಂದು ಬಾಲಿಗಿಂತ ಹಿಂದೆ ಬೀಳುತ್ತೆ. ಕ್ಲಬ್ಬು ಅಲ್ಲಿ ನೆಲಕ್ಕೆ ತಾಗಿದ್ರೆ ಫ್ಯಾಟ್, ತಾಗದೆ ಮೇಲೇಳ್ತಾ ಬಂದು ಬಾಲಿನ ನಡುವಿಗೆ ಬಡಿದ್ರೆ ಥಿನ್. ಎತ್ತೋ ಕೆಲಸ ನಿಮ್ದಲ್ಲ ಕಣ್ರೀ, ಸ್ಯಾಂಡ್ ವೆಜ್ ಅನ್ನೋ ಕ್ಲಬ್ಬಿಗೆ 54ರಿಂದ 58 ಡಿಗ್ರಿ ಲಾಫ್ಟ್ (ಮುಖದ ಓರೆ) ಕೊಟ್ಟಿರೋದೇ ಅದಕ್ಕೆ.

ಬಾಲಿಗೆ ಒಂದು ಗೇಣು ಹಿಂದೆ ಟವೆಲ್ ಮಡಚಿಟ್ಟು ಹೊಡೀರಿ. ಕ್ಲಬ್ಬು ಟವೆಲಿಗೆ ತಾಗಿದ್ರೆ ಎತ್ತೋಕೆ ಹೋಗಿದೀರಿ ಅಂತ ತಕ್ಷಣ ಗೊತ್ತಾಗುತ್ತೆ. ಕಾಲು ಹತ್ತಿರ ಹತ್ತಿರ ಇರ್ಲಿ, ಮೈ ಭಾರ ಅರ್ಧಕ್ಕಿಂತ ಹೆಚ್ಚು ಹೋಲ್ ಕಡೆಗಿರೋ ಕಾಲ ಮೇಲಿರ್ಲಿ, ಹೊಡೆಯುವಾಗ ಹಿಂದಕ್ಕೆ ವಾಲಬೇಡಿ. ಕೈ ಬಾಲಿಗಿಂತ ಒಂಚೂರು ಮುಂದಿದ್ರೆ ಸಾಕು, ಕೆಲವರು ಇದನ್ನ ಕೇಳಿ ಕೈ ತೊಡೆ ದಾಟಿಸಿಬಿಡ್ತಾರೆ, ಆಗ ವೆಜ್ ತಳದ ಬೌನ್ಸ್ (ಕ್ಲಬ್ಬು ಹೂಳದಂತೆ ಜಾರಿಸೋ ಉಬ್ಬು) ಕೆಲಸ ಮಾಡದೆ ಮುಂಚೂಣಿ ಅಂಚು ಸಲಿಕೆ ಥರ ಮಣ್ಣಿಗಿಳಿಯುತ್ತೆ.

ಈಗ ಬಕೆಟ್ ವಿಷಯ. ಒಂದೇ ಜಾಗದಿಂದ ಒಂದೇ ಹೋಲಿಗೆ ಹೊಡೀತಾ ಇದ್ರೆ ನಾಲ್ಕನೇ ಬಾಲಿನ ಹೊತ್ತಿಗೆ ಕೈ ತಾನಾಗೇ ಅಳತೆ ಹಿಡಿಯುತ್ತೆ, ಆಟದಲ್ಲಿ ಸಿಗೋದು ಮೊದಲನೇ ಬಾಲ್ ಮಾತ್ರ. ಅದಕ್ಕೇ ಟವೆಲ್ ಅಭ್ಯಾಸ ಸ್ವಲ್ಪ ಹೊತ್ತು ಮಾಡಿ, ಆಮೇಲೆ ಒಂದೇ ಬಾಲ್ ಇಟ್ಕೊಳ್ಳಿ. ಗ್ರೀನ್ ಸುತ್ತ 9 ಬೇರೆ ಬೇರೆ ಜಾಗ, ಒಂದು ದಟ್ಟ ಹುಲ್ಲು, ಒಂದು ಬೋಳು ನೆಲ, ಒಂದು ಇಳಿಜಾರು, ಹೀಗೆ. ಪ್ರತಿ ಸಲ ಚಿಪ್ ಮಾಡಿ, ಪಟರ್ (ಬಾಲ್ ಉರುಳಿಸೋ ಕ್ಲಬ್ಬು) ತಗೊಂಡು ಹೋಲಿಗೆ ಹಾಕೋವರೆಗೂ ಬಿಡ್ಬೇಡಿ. ಜಾಗಕ್ಕೆ 2 ಹೊಡೆತ ಪಾರ್ (ಗುರಿ) ಲೆಕ್ಕದಲ್ಲಿ ಒಟ್ಟು 18. ಮೊದಮೊದಲು ಸ್ಕೋರ್ ನೋಡಿ ಬೇಜಾರಾಗುತ್ತೆ, ಆಗ್ಲಿ ಬಿಡಿ.

ಕಣ್ಣು ಹೋಲ್ ಮೇಲಲ್ಲ, ಬಾಲ್ ಮೊದಲು ಎಲ್ಲಿ ಬೀಳ್ಬೇಕು ಅನ್ನೋ ಜಾಗದ ಮೇಲಿರ್ಲಿ. ಸಾಧ್ಯ ಆದ್ರೆ ಗ್ರೀನ್ ಒಳಗೆ ಒಂದು ಮೀಟರ್ ದೂರಕ್ಕೆ ಮಾರ್ಕರ್ ಇಟ್ಟು ಅಲ್ಲಿಗೇ ಬೀಳಿಸಿ. ಸಮತಟ್ಟು ಗ್ರೀನಲ್ಲಿ ಸ್ಯಾಂಡ್ ವೆಜ್ ಹೆಚ್ಚುಕಮ್ಮಿ ಹಾರಿದಷ್ಟೇ ಉರುಳುತ್ತೆ, ಲಾಫ್ಟ್ ಕಮ್ಮಿ ಇರೋ ಪಿಚಿಂಗ್ ವೆಜ್ ಎರಡರಷ್ಟು, ಅದಕ್ಕೂ ಕಮ್ಮಿ ಇರೋ 9 ಐರನ್ ಮೂರರಷ್ಟು. ಗ್ರೀನ್ ವೇಗಕ್ಕೆ ತಕ್ಕಂಗೆ ಈ ಲೆಕ್ಕ ಬದಲಾಗುತ್ತೆ, ನಿಮ್ಮದನ್ನ ನೀವೇ ಹೆಜ್ಜೆ ಹಾಕಿ ಅಳೀಬೇಕು. 2005ರ ಮಾಸ್ಟರ್ಸ್ ಟೂರ್ನಿಯಲ್ಲಿ 16ನೇ ಹೋಲ್‌ನ ಟೈಗರ್ ವುಡ್ಸ್ ಚಿಪ್ ನೋಡಿದೀರಲ್ಲ, ಅವರು ಹೋಲ್ ಕಡೆಗೆ ಹೊಡೀಲೇ ಇಲ್ಲ, ಮೇಲಿನ ಇಳಿಜಾರಿಗೆ ಬೀಳಿಸಿದ್ರು, ಉಳಿದಿದ್ದನ್ನ ಇಳಿಜಾರೇ ನೋಡ್ಕೊಳ್ತು.

ಇನ್ನು ಎರಡು ಸಲ ತಗುಲೋದು. ಬೇಕಂತ ಮಾಡಿರದಿದ್ರೆ 2019ರಿಂದ ಪೆನಾಲ್ಟಿ ಇಲ್ಲ, ಒಂದೇ ಸ್ಟ್ರೋಕ್ (ಹೊಡೆತ) ಅಂತ ಎಣಿಸಿ, ಬಾಲ್ ನಿಂತಲ್ಲಿಂದ ಆಡಿ. ಮುಂಚೆ ಪೆನಾಲ್ಟಿಯಾಗಿ ಒಂದು ಸ್ಟ್ರೋಕ್ ಬೀಳ್ತಿತ್ತು. 1985ರ ಯು.ಎಸ್. ಓಪನ್ ಕೊನೇ ದಿನ ಲೀಡ್‌ನಲ್ಲಿದ್ದ ತೈವಾನ್‌ನ ಟಿ.ಸಿ. ಚೆನ್ 5ನೇ ಹೋಲಲ್ಲಿ ದಟ್ಟ ಹುಲ್ಲಿಂದ ಚಿಪ್ ಮಾಡುವಾಗ ಹೀಗೇ ಆಗಿ ಆ ಹೋಲಿಗೆ 8 ಬರೆಸ್ಕೊಂಡ್ರು, ಕೊನೆಗೆ ಒಂದೇ ಸ್ಟ್ರೋಕಿಂದ ಆಂಡಿ ನಾರ್ತ್‌ಗೆ ಸೋತ್ರು.