ಗಣಿತ ಒಂದು ಕಡೆ, ಕೋಡ್ ಒಂದು ಕಡೆ

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಪದವಿಯ ಮೂರನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್‌ನ ಇಂಡಕ್ಷನ್ ಲೆಕ್ಕಗಳು ತರಗತಿಯಲ್ಲಿ ಅರ್ಥವಾದಂತೆ ಕಾಣುತ್ತವೆ; ನಾನೇ ಬಿಡಿಸಲು ಕುಳಿತರೆ ಮೊದಲ ಸಾಲೂ ಹೊಳೆಯುವುದಿಲ್ಲ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ರಿಕರ್ಷನ್ ಶುರುವಾದ ಮೇಲೆ ಅಲ್ಲಿಯೂ ಇದೇ ಪಾಡು. ಗಣಿತಕ್ಕೆ ಸಮಯ ಕೊಟ್ಟರೆ ಪ್ರೋಗ್ರಾಮಿಂಗ್ ಹಿಂದೆ ಬೀಳುತ್ತದೆ, ಪ್ರೋಗ್ರಾಮಿಂಗ್ ಹಿಡಿದು ಕುಳಿತರೆ ಗಣಿತ ಬಾಕಿ ಉಳಿಯುತ್ತದೆ. ಸಹಪಾಠಿಗಳಲ್ಲಿ ಕೆಲವರು ಶಾಲೆಯಲ್ಲಿದ್ದಾಗಲೇ ಕೋಡ್ ಬರೆದವರು. ಅವರೆದುರು ಸಂದೇಹ ಕೇಳಲೂ ಅಂಜಿಕೆ. ಕೋರ್ಸ್ ಬದಲಿಸುವುದು ಒಳ್ಳೆಯದೇ?

ಉತ್ತರ: ಕೋರ್ಸ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಎರಡು ಕಷ್ಟಗಳನ್ನು ಹೇಳಿಕೊಂಡಿದ್ದೀರಿ. ಎರಡೂ ವಿಷಯಗಳನ್ನು ಬಹಳ ಕಾಲ ಕಲಿಸಿದವಳಾಗಿ ಹೇಳುತ್ತೇನೆ, ಅವೆರಡೂ ಒಂದೇ ಕಷ್ಟ. ಇಂಡಕ್ಷನ್ ಎಂದರೆ ಒಂದು ಸಂಖ್ಯೆಗೆ ನಿಜವೆಂದು ಒಪ್ಪಿ ಮುಂದಿನದಕ್ಕೂ ನಿಜವೆಂದು ತೋರಿಸುವ ಸಾಧನೆ (ಪ್ರೂಫ್); ರಿಕರ್ಷನ್ ಎಂದರೆ ಪ್ರೋಗ್ರಾಂನ ಒಂದು ತುಣುಕು, ಅಂದರೆ ಫಂಕ್ಷನ್, ತನ್ನನ್ನೇ ಕರೆದುಕೊಳ್ಳುವುದು. ಇಂಡಕ್ಷನ್ ಎಲ್ಲಿ ಕೈಕೊಡುತ್ತದೆಯೋ ರಿಕರ್ಷನ್ ಕೈಕೊಡುವುದೂ ಅಲ್ಲಿಯೇ. ಇವನ್ನು ಬೇರೆ ಬೇರೆ ಪತ್ರಿಕೆಗಳಾಗಿ, ಬೇರೆ ಬೇರೆ ಅಧ್ಯಾಪಕರ ಕೈಯಲ್ಲಿ ಕಲಿಸುವುದು ನನಗೆ ಎಂದೂ ಸರಿಕಂಡಿಲ್ಲ.

ಹನೋಯ್ ಗೋಪುರದ ಒಗಟನ್ನೇ ತೆಗೆದುಕೊಳ್ಳಿ. ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಹೊರತಂದದ್ದು. ಮೂರು ಕಂಬಗಳು, ಮೊದಲನೆಯದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಪೇರಿಸಿದ ಬಿಲ್ಲೆಗಳು. ಒಮ್ಮೆಗೆ ಒಂದೇ ಬಿಲ್ಲೆಯನ್ನು ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಇಡೀ ಗೋಪುರ ಮೂರನೆಯ ಕಂಬಕ್ಕೆ ಹೋಗಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಐದಾರು ಬಿಲ್ಲೆಗಳನ್ನು ಮನಸ್ಸಿನಲ್ಲೇ ಸರಿಸಲು ಹೊರಟು ನಡುದಾರಿಯಲ್ಲಿ ದಿಕ್ಕು ತಪ್ಪುತ್ತಾರೆ. ಹಾಗೆ ಮಾಡಬೇಡಿ. ಅಡಿಯಲ್ಲಿರುವ ಅತಿ ದೊಡ್ಡ ಬಿಲ್ಲೆಯೊಂದನ್ನೇ ನೋಡಿ. ಅದು ಅಲುಗಬೇಕಾದರೆ ಅದರ ಮೇಲಿರುವವೆಲ್ಲ ನಡುವಿನ ಕಂಬದಲ್ಲಿರಬೇಕು. ಹಾಗಾದರೆ ಅವನ್ನು ನಡುವಿಗೆ ಸಾಗಿಸು, ದೊಡ್ಡದನ್ನು ಮೂರನೆಯದಕ್ಕೆ ಇಡು, ಮತ್ತೆ ಅವನ್ನು ಅದರ ಮೇಲೆ ತಂದಿಡು. ಬಿಲ್ಲೆಯೇ ಇಲ್ಲದಿದ್ದರೆ ಸುಮ್ಮನೆ ಹಿಂತಿರುಗು. ಪ್ರೋಗ್ರಾಂ ಮುಗಿಯಿತು.

‘ಅವನ್ನು ನಡುವಿಗೆ ಸಾಗಿಸುವುದು ಹೇಗೆ?’ ಎಂದು ಮನಸ್ಸು ತಕರಾರು ತೆಗೆಯುತ್ತದೆ. ಅದೇ ಫಂಕ್ಷನ್ ಒಂದು ಬಿಲ್ಲೆ ಕಡಿಮೆ ಇರುವ ಗೋಪುರವನ್ನು ಸರಿಯಾಗಿ ಸಾಗಿಸುತ್ತದೆ ಎಂದು ಒಪ್ಪಿಕೊಂಡು ಮುಂದುವರಿಯಬೇಕು. ಈಗ ನಿಮ್ಮ ಗಣಿತದ ನೋಟ್ಸ್ ತೆರೆದು ನೋಡಿ. ‘ಕೆ ಎಂಬ ಸಂಖ್ಯೆಗೆ ಇದು ನಿಜವೆಂದು ಭಾವಿಸೋಣ’ ಎಂಬ ಸಾಲಿದೆಯಲ್ಲ, ಆ ಒಪ್ಪಿಗೆಯೇ ಇದು. ಬಿಲ್ಲೆ ಇಲ್ಲದಾಗ ಹಿಂತಿರುಗುವ ಸಾಲು ಇಂಡಕ್ಷನ್‌ನ ಆರಂಭದ ಹಂತ. ಅದನ್ನು ಮರೆತರೆ ಪ್ರೋಗ್ರಾಂ ತನ್ನನ್ನೇ ಕರೆಯುತ್ತ ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬಿ ಕುಸಿಯುತ್ತದೆ, ಗಣಿತದಲ್ಲಾದರೆ ಸಾಧನೆಗೆ ನೆಲೆಯೇ ಇರುವುದಿಲ್ಲ.

ಅದೇ ಪುಟದಲ್ಲಿ ಎಣಿಕೆಯನ್ನೂ ಮಾಡಿ. ಒಂದು ಬಿಲ್ಲೆಗೆ 1 ಚಲನೆ, ಎರಡಕ್ಕೆ 3, ಮೂರಕ್ಕೆ 7, ನಾಲ್ಕಕ್ಕೆ 15. ಪ್ರತಿ ಸಲ ಹಿಂದಿನದರ ಇಮ್ಮಡಿ ಮತ್ತು ಒಂದು. ಎರಡು ಸಲ ಚಿಕ್ಕ ಗೋಪುರ, ಒಂದು ಸಲ ದೊಡ್ಡ ಬಿಲ್ಲೆ. ಬಿಲ್ಲೆಗಳೆಷ್ಟೋ ಅಷ್ಟು ಸಲ 2ನ್ನು ಗುಣಿಸಿ ಒಂದು ಕಳೆದರೆ ಉತ್ತರ ಬರುತ್ತದೆ ಎಂದು ಸಾಧಿಸಲು ಎರಡೇ ಸಾಲು ಸಾಕು, ನೀವೇ ಬರೆಯಿರಿ. 64 ಬಿಲ್ಲೆಗಳನ್ನು ಸೆಕೆಂಡಿಗೊಂದು ಚಲನೆಯಂತೆ ಸರಿಸಿದರೆ ಸುಮಾರು 58,000 ಕೋಟಿ ವರ್ಷ ಬೇಕಾಗುತ್ತದೆ. ಅಲ್ಗಾರಿದಮ್ ಪತ್ರಿಕೆಯಲ್ಲಿ ‘ಎಕ್ಸ್‌ಪೊನೆನ್ಷಿಯಲ್’ (ಹೆಜ್ಜೆ ಹೆಜ್ಜೆಗೂ ಇಮ್ಮಡಿಯಾಗುವಂತೆ ಬೆಳೆಯುವುದು) ಎಂಬ ಪದ ಬಂದಾಗ ಈ ಸಂಖ್ಯೆಯನ್ನು ನೆನೆದರೆ ಆ ಪದಕ್ಕೆ ತೂಕ ಬರುತ್ತದೆ. ನೋಡಿ, ಒಂದು ಒಗಟಿನಲ್ಲಿ ನಿಮ್ಮ ಎರಡು ಪತ್ರಿಕೆಗಳಷ್ಟೇ ಅಲ್ಲ, ಮುಂದೆ ಬರುವ ಮೂರನೆಯದೂ ಇದೆ. ಆದ್ದರಿಂದ ಎರಡಕ್ಕೂ ಒಂದೇ ನೋಟ್‌ಬುಕ್ ಇಟ್ಟುಕೊಳ್ಳಿ: ಎಡಪುಟದಲ್ಲಿ ಪ್ರೋಗ್ರಾಂ, ಬಲಪುಟದಲ್ಲಿ ಅದು ಏಕೆ ಸರಿ ಮತ್ತು ಎಷ್ಟು ಹೆಜ್ಜೆ ಎಂಬುದು.

ಶಾಲೆಯಿಂದಲೇ ಕೋಡ್ ಬರೆದವರ ಮುನ್ನಡೆ ಸುಳ್ಳಲ್ಲ. ಭಾಷೆಯ ವ್ಯಾಕರಣ ಅವರ ಕೈಯಲ್ಲಿದೆ, ಎರರ್ ಸಂದೇಶ ಕಂಡರೆ ಬೆದರುವುದಿಲ್ಲ. ಆದರೆ ಬರೆದದ್ದು ಎಲ್ಲ ಸಂದರ್ಭಕ್ಕೂ ಸರಿಯೇ ಎಂದು ತೋರಿಸುವ ಅಭ್ಯಾಸ ಅವರಲ್ಲಿಯೂ ಹಲವರಿಗೆ ಹೊಸದು. ಅನುಭವಿಗಳೂ ಇಲ್ಲಿ ಎಡವುತ್ತಾರೆ. ಬೈನರಿ ಸರ್ಚ್ ನಿಮಗೆ ಗೊತ್ತಿದೆ: ಪಟ್ಟಿಯ ನಡುವನ್ನು ನೋಡಿ ಪ್ರತಿ ಸಲ ಅರ್ಧವನ್ನು ಕೈಬಿಡುವ ವಿಧಾನ. ಕ್ರಮವಾಗಿ ಜೋಡಿಸಿಟ್ಟ ಹತ್ತು ಲಕ್ಷ ಸಂಖ್ಯೆಗಳಲ್ಲಿ ಬೇಕಾದದ್ದನ್ನು 20 ಹೋಲಿಕೆಗಳಲ್ಲಿ ಹುಡುಕುತ್ತದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಗಾಗಿ (ಎಲ್ಲರೂ ಬಳಸುವ ಸಿದ್ಧ ಕೋಡ್) ಅದನ್ನು ಬರೆದ ಜೋಶುವಾ ಬ್ಲಾಕ್, ಅದರಲ್ಲಿ ವರ್ಷಗಟ್ಟಲೆ ಅಡಗಿದ್ದ ತಪ್ಪೊಂದನ್ನು 2006ರಲ್ಲಿ ತಾವೇ ವಿವರಿಸಿದರು. ನಡುವಿನ ಸ್ಥಾನ ತಿಳಿಯಲು ಎಡ ಮತ್ತು ಬಲ ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತೇವಲ್ಲ, ಪಟ್ಟಿ ನೂರು ಕೋಟಿ ದಾಟುವಷ್ಟು ದೊಡ್ಡದಾದಾಗ ಆ ಮೊತ್ತ 32 ಬಿಟ್‌ಗಳ ಪೂರ್ಣಾಂಕದ ಮಿತಿಯಾದ 2,14,74,83,647ನ್ನು ಮೀರಿ ಋಣಸಂಖ್ಯೆಯಾಗಿಬಿಡುತ್ತಿತ್ತು. ಹಾಳೆಯ ಮೇಲಿನ ಪೂರ್ಣಾಂಕಗಳಿಗೆ ಮಿತಿಯಿಲ್ಲ, ಯಂತ್ರದ ಪೂರ್ಣಾಂಕಗಳಿಗೆ ಇದೆ. ಇದನ್ನು ಓದಿದಾಗಲೆಲ್ಲ ನನಗೆ ಕಂಪ್ಯೂಟರ್ ಸೈನ್ಸ್ ಮೇಲೆ ಪ್ರೀತಿ ಹೆಚ್ಚುತ್ತದೆ.

ದಿನನಿತ್ಯದ ಓದಿಗೆ ಬರೋಣ. ಬಿಡಿಸಿದ ಸಾಧನೆಯನ್ನು ಓದಿ ತಲೆದೂಗುವುದನ್ನು ಕಲಿಕೆಯೆಂದು ಎಣಿಸಬೇಡಿ. ಪುಸ್ತಕ ಮುಚ್ಚಿ, ಮರುದಿನ ಖಾಲಿ ಹಾಳೆಯಲ್ಲಿ ಬರೆಯಿರಿ; ಸಿಕ್ಕಿಕೊಂಡ ಕಡೆ ಒಂದೇ ಸಾಲು ನೋಡಿ ಮತ್ತೆ ಮುಚ್ಚಿ. ಹೊಸ ಲೆಕ್ಕದ ಮೊದಲ ಸಾಲು ಹೊಳೆಯದಿದ್ದರೆ ಎನ್ ಇದ್ದ ಜಾಗದಲ್ಲಿ 1, 2, 3 ಹಾಕಿ ಕೈಯಿಂದ ಮಾಡಿ. ಕೋಡನ್ನು ರನ್ ಮಾಡುವ ಮೊದಲು ವೇರಿಯಬಲ್‌ಗಳಿಗೆ ಒಂದೊಂದು ಕಂಬಸಾಲು ಎಳೆದು, ಪ್ರತಿ ಸುತ್ತಿನಲ್ಲಿ ಬೆಲೆ ಏನಾಗುತ್ತದೆಂದು ಬರೆದು, ಉತ್ತರವನ್ನು ಮೊದಲೇ ಹೇಳಿ. ನಿಮ್ಮ ಊಹೆಗೂ ಯಂತ್ರದ ಉತ್ತರಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೆಯೋ ಅದೇ ಆ ದಿನದ ಪಾಠ. ಸಂದೇಹ ಕೇಳಲು ಅಂಜಿಕೆಯಿದ್ದರೆ ಈ ಹಾಳೆಯನ್ನೇ ಅಧ್ಯಾಪಕರ ಮುಂದಿಡಿ. ‘ಏನೂ ಅರ್ಥವಾಗಲಿಲ್ಲ’ ಎನ್ನುವವರಿಗಿಂತ ‘ಮೂರನೆಯ ಸುತ್ತಿನಲ್ಲಿ ಇದು 4 ಏಕಾಯಿತು?’ ಎಂದು ಕೇಳುವವರಿಗೆ ಉತ್ತರ ಹೇಳುವುದು ಎಷ್ಟೋ ಸುಲಭ.

ಕ್ಯಾಲ್ಕುಲಸ್ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ, ಪಾಸಾಗುವಷ್ಟು ಗಟ್ಟಿಯಿದ್ದರೆ ಸಾಕು. ಮ್ಯಾಟ್ರಿಕ್ಸ್ ಮತ್ತು ಸಂಭವನೀಯತೆಯನ್ನು ಮಾತ್ರ ಬಿಡಬೇಡಿ. ಗ್ರಾಫಿಕ್ಸ್, ಮಷೀನ್ ಲರ್ನಿಂಗ್ ಎರಡೂ ಅವುಗಳ ಮೇಲೆ ನಿಂತಿವೆ.

ಪ್ರಶ್ನೆ: ಲ್ಯಾಬ್‌ನ ಪ್ರೋಗ್ರಾಂಗಳನ್ನು ಎಐ ಚಾಟ್‌ಬಾಟ್ ಕ್ಷಣದಲ್ಲಿ ಬರೆದುಕೊಡುತ್ತದೆ. ನಾವು ತಿಣುಕಾಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಇದೆ. ಲಿಂಕ್ಡ್ ಲಿಸ್ಟನ್ನು (ಪ್ರತಿ ಅಂಶವೂ ಮುಂದಿನದನ್ನು ತೋರಿಸುವ ಪಟ್ಟಿಯನ್ನು) ತಿರುವುಮುರುವು ಮಾಡುವ ಪ್ರೋಗ್ರಾಂ ಜಗತ್ತಿನಲ್ಲಿ ಈಗಾಗಲೇ ಬೇಕಾದಷ್ಟಿದೆ, ನಿಮ್ಮದನ್ನು ಯಾರೂ ಕಾದು ಕುಳಿತಿಲ್ಲ. ಮೂರು ಪಾಯಿಂಟರ್‌ಗಳನ್ನು (ವಿಳಾಸ ಹಿಡಿದಿಡುವ ವೇರಿಯಬಲ್‌ಗಳನ್ನು) ಯಾವ ಕ್ರಮದಲ್ಲಿ ಬದಲಿಸಬೇಕೆಂದು ಒಮ್ಮೆ ನೀವೇ ಹೆಣಗಿ ಕಂಡುಕೊಂಡರೆ, ಬೇರೆಯವರ ಕೋಡ್‌ನಲ್ಲಿ ಆ ಕ್ರಮ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ; ಯಂತ್ರ ಬರೆದ ಕೋಡ್‌ನಲ್ಲಿಯೂ. ಚಾಟ್‌ಬಾಟನ್ನು ಪೂರ್ತಿ ದೂರವಿಡಿ ಎನ್ನುವುದಿಲ್ಲ. ನಿಮ್ಮ ಪ್ರೋಗ್ರಾಂ ಬರೆದು ಮುಗಿಸಿದ ಮೇಲೆ ಅದನ್ನು ಕೊಟ್ಟು, ‘ಇದು ತಪ್ಪು ಉತ್ತರ ಕೊಡುವಂತಹ ಒಂದು ಇನ್‌ಪುಟ್ ಹೇಳು, ತಿದ್ದಿಕೊಡಬೇಡ’ ಎಂದು ಕೇಳಿ. ಅದು ಹೇಳಿದ ಇನ್‌ಪುಟನ್ನು ಮೊದಲು ಕಾಗದದ ಮೇಲೆ ನಡೆಸಿ, ಆಮೇಲೆ ಯಂತ್ರದಲ್ಲಿ.