ಒಂದೇ ಫ್ಲೂ ದತ್ತಾಂಶದಿಂದ ಎರಡು ಬೇರೆ ಆರ್-ನಾಟ್ ಬರುವುದೇಕೆ?

ಪ್ರಶ್ನೆಯಲ್ಲಿರುವುದು 1978ರಲ್ಲಿ ಇಂಗ್ಲೆಂಡಿನ ಬಾಲಕರ ವಸತಿ ಶಾಲೆಯಲ್ಲಿ ಹರಡಿದ ಫ್ಲೂ. ಆರ್-ನಾಟ್ ಎಂದರೆ ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದಾಗ ಒಬ್ಬ ಸೋಂಕಿತ ಸರಾಸರಿ ಎಷ್ಟು ಮಂದಿಗೆ ಸೋಂಕು ಹರಡುತ್ತಾನೆ ಎಂಬ ಸಂಖ್ಯೆ. ದಿನವಾರು ಅಂಕಿಗಳಿಗೆ ಎಸ್‌ಐಆರ್ ಮಾದರಿ (ಸೋಂಕು ತಗಲಬಹುದಾದವರು, ಹರಡುವವರು, ಗುಣವಾದವರು ಎಂದು ಮೂರು ಗುಂಪು ಮಾಡುವ ಲೆಕ್ಕ) ಹೊಂದಿಸಿದರೆ ಆರ್-ನಾಟ್ ಸುಮಾರು 3.7, ಒಟ್ಟು ರೋಗಿಗಳಿಂದ ಲೆಕ್ಕ ಹಾಕಿದರೆ 1.66.

ಎರಡನೆಯದನ್ನು ಮೊದಲು ನೋಡೋಣ. 763 ಹುಡುಗರಲ್ಲಿ 512 ಮಂದಿ ಹಾಸಿಗೆ ಹಿಡಿದರು, ಅಂದರೆ 0.671 ಪಾಲು. ಉಳಿದ 0.329ರ ಸ್ವಾಭಾವಿಕ ಲಾಗರಿದಮ್ −1.11. ಚಿಹ್ನೆ ಬದಲಿಸಿ 0.671ರಿಂದ ಭಾಗಿಸಿದರೆ 1.66. ಇಲ್ಲಿ ಎರಡು ಊಹೆಗಳು ಅಡಗಿವೆ: ಸೋಂಕು ತಗಲಿದವರೆಲ್ಲ ಮಲಗಿದರು, ಮೊದಲೇ ಯಾರಿಗೂ ರೋಗನಿರೋಧಕ ಶಕ್ತಿ ಇರಲಿಲ್ಲ. ಯಾವುದು ಸುಳ್ಳಾದರೂ ನಿಜವಾದ ಬೆಲೆ ಇದಕ್ಕಿಂತ ಹೆಚ್ಚು.

ಎಸ್‌ಐಆರ್‌ನಲ್ಲಿ ಬೀಟಾ (ಸೋಂಕು ಹರಡುವ ದರ) ದಿನಕ್ಕೆ ಸುಮಾರು 1.65, ಗಾಮಾ (ಗುಣವಾಗುವ ದರ) 0.45. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ 3.7. ಹಾಗಿದ್ದರೆ ಶೇ. 97 ಹುಡುಗರಿಗೆ, ಅಂದರೆ 740 ಮಂದಿಗೆ ಸೋಂಕು ತಗಲಬೇಕಿತ್ತು! ಎಡವಟ್ಟು ಇರುವುದು ದತ್ತಾಂಶದ ಅಂಕಣದ (ಕಾಲಂ) ಅರ್ಥದಲ್ಲಿ. ದತ್ತಾಂಶ ಹೇಳುವುದು ಆ ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆ. ಅದು ಹೊಸ ರೋಗಿಗಳದ್ದೂ ಅಲ್ಲ, ಸೋಂಕು ಹರಡುತ್ತಿದ್ದವರದ್ದೂ ಅಲ್ಲ. ಮಲಗಿದವನು ತರಗತಿಗೆ ಬರುವುದಿಲ್ಲ, ಹರಡುವುದು ಬಹುಪಾಲು ಅದಕ್ಕೂ ಮುಂಚೆ.

ಹಾಗಾಗಿ ‘ಹಾಸಿಗೆ’ ಎಂಬ ಪ್ರತ್ಯೇಕ ಹಂತ ಸೇರಿಸಿ, ದತ್ತಾಂಶವನ್ನು ಅದಕ್ಕೆ ಮಾತ್ರ ಹೊಂದಿಸಿ. ಮಲಗುವವರ ಪಾಲನ್ನೂ ಅಂದಾಜಿಗೆ ಬಿಡಿ. ದೋಷಕ್ಕೆ ಪಾಯ್ಸನ್ ವಿತರಣೆಯ ಬದಲು, ಹೆಚ್ಚು ಏರಿಳಿತಕ್ಕೆ ಅವಕಾಶ ಕೊಡುವ ನೆಗೆಟಿವ್ ಬೈನಾಮಿಯಲ್ ವಿತರಣೆ ಬಳಸಿ, ಇಲ್ಲದಿದ್ದರೆ ವಿಶ್ವಾಸಾಂತರ (ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿ) ಸುಳ್ಳೇ ಕಿರಿದಾಗುತ್ತದೆ. ಮೊದಲ ನಾಲ್ಕೈದು ದಿನಗಳ ಅಂಕಿಗಳಷ್ಟೇ ಇದ್ದರೆ ಬೀಟಾ, ಗಾಮಾ ಬೇರೆಬೇರೆಯಾಗಿ ಸಿಗವು. ಅವುಗಳ ವ್ಯತ್ಯಾಸ ಮಾತ್ರ ಸಿಗುತ್ತದೆ.